ಮೊದಲು ಕಾವಾಡಿ, ಆಮೇಲೆ ಮಾವುತ: ನಿವೃತ್ತಿಯಲ್ಲಿ ಪುಟ್ಟ ವಿಮಾನ ಸಾಕುವ ಸೂತ್ರಗಳು

ದಸರಾ ಹತ್ತಿರವಾಗುತ್ತಿದ್ದಂತೆ ಮೈಸೂರು ಅರಮನೆ ಆವರಣದಲ್ಲಿ ಆನೆಗಳು ಬೀಡುಬಿಡುತ್ತವೆ. ಬೆಳಗಿನ ವಾಕಿಂಗ್ ನೆಪದಲ್ಲಿ ಅವನ್ನು ನೋಡಲು ಹೋಗುವುದು ನನ್ನ ಹಳೇ ಚಾಳಿ. ಜನ ಫೋಟೋ ತೆಗೆಯುವುದು ಕತ್ತಿನ ಮೇಲೆ ಕೂತ ಮಾವುತನನ್ನು. ನನ್ನ ಕಣ್ಣು ಹೋಗುವುದು ಕೆಳಗಿರುವ ಕಾವಾಡಿಯ ಮೇಲೆ. ಮೈ ತೊಳೆಯುವವನು ಅವನು, ಮೇವು ಕಟ್ಟುವವನು ಅವನು, ಲದ್ದಿ ನೋಡಿ ಹೊಟ್ಟೆ ಕೆಟ್ಟಿದೆಯೋ ಇಲ್ಲವೋ ಹೇಳುವವನೂ ಅವನೇ.

ಮೂವರು ಗೆಳೆಯರ ಜೊತೆ ಎರಡು ಸೀಟಿನ ಲಘು ವಿಮಾನವೊಂದರ ಕಾಲು ಪಾಲು ಕೊಂಡ ಮೇಲೆ ನನಗೆ ಅರ್ಥವಾದದ್ದು ಇಷ್ಟೇ: ಮೇಲೆ ಒಂದು ಗಂಟೆ ಮಾವುತನಾಗಬೇಕಾದರೆ ಕೆಳಗೆ ಹತ್ತು ಗಂಟೆ ಕಾವಾಡಿಯಾಗಬೇಕು. ಈ ಲೆಕ್ಕ ಒಗ್ಗದವರು ಫ್ಲೈಯಿಂಗ್ ಕ್ಲಬ್ಬಿಗೆ ದುಡ್ಡು ಕಟ್ಟಿ ಹಾರಿ ಬರಲಿ, ತಪ್ಪೇನಿಲ್ಲ. ಒಗ್ಗುವವರಿಗೆ ಮುಂದಿನ ಮಾತು.

1. ಏನು ಕೊಳ್ಳುತ್ತಿದ್ದೀರಿ ಅಂತ ತಿಳಿದು ಕೊಳ್ಳಿ

ಎರಡು ಸೀಟು, ಒಂದು ಎಂಜಿನ್. ಒಟ್ಟು ತೂಕ 450 ಕೆಜಿಯೊಳಗಿದ್ದರೆ ಮೈಕ್ರೋಲೈಟ್. ಅದನ್ನು ದಾಟಿ 600 ಕೆಜಿವರೆಗೆ ಹೋದರೆ ಲೈಟ್ ಸ್ಪೋರ್ಟ್ ವಿಮಾನ. ಇದು ಪರದೇಶದವರ ಶೋಕಿ ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಬೆಂಗಳೂರಿನ ಎಚ್‌ಎಎಲ್ 1958ರಲ್ಲೇ 'ಪುಷ್ಪಕ್' ಎಂಬ ಎರಡು ಸೀಟಿನ ವಿಮಾನ ಹಾರಿಸಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಲ್ಲ ಕೊಟ್ಟಿತ್ತು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಕಟ್ಟಿದ ಬಟ್ಟೆ ಹೊದಿಕೆಯ 'ಎಕ್ಸ್-ಏರ್' ವಿಮಾನಗಳು ಹೊರದೇಶಗಳಿಗೆ ಹೋಗಿವೆ. ಅದರಲ್ಲೊಂದು ಮಾದರಿಯ ಹೆಸರು ಹನುಮಾನ್. ಎನ್‌ಎಎಲ್ ಸಂಸ್ಥೆಯ 'ಹನ್ಸ'ದ ಹೊಸ ಅವತಾರ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿತು.

ಬಣ್ಣ, ಕಾಕ್‌ಪಿಟ್ಟಿನ ಪರದೆ ನೋಡಿ ಮರುಳಾಗಬೇಡಿ. ಎಂಜಿನ್ ನೋಡಿ. ಆಸ್ಟ್ರಿಯಾದ ರೋಟ್ಯಾಕ್ಸ್ 912 ಆಗಿದ್ದರೆ ಅದರ ಗುಣ, ಅವಗುಣ ಎರಡನ್ನೂ ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ಅಪರೂಪದ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂದರೆ, ಅಗ್ಗಕ್ಕೆ ಯಾಕೆ ಸಿಕ್ಕಿತು ಅಂತ ಮನೆಗೆ ಬಂದು ಒಂದು ಕಾಫಿ ಕುಡಿದು ಯೋಚಿಸಿ.

2. ಹ್ಯಾಂಗರ್ ಮೊದಲು, ವಿಮಾನ ಆಮೇಲೆ

ಹಸು ಕೊಳ್ಳುವ ಮೊದಲು ಕೊಟ್ಟಿಗೆ ನೋಡಿಕೊಳ್ಳುವುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಮೈಸೂರಿನಲ್ಲಿರುವವರಿಗೆ ಮೊದಲು ನೆನಪಾಗುವುದು ಮಂಡಕಳ್ಳಿ. ಸಂಸ್ಥಾನದ ಕಾಲದ ಏರೋಡ್ರೋಮು, 2010ರಲ್ಲಿ ಹೊಸ ಟರ್ಮಿನಲ್ ಕಂಡಿತು. ರನ್‌ವೇ 1,740 ಮೀಟರ್. ದೊಡ್ಡ ಜೆಟ್ಟುಗಳಿಗೆ ಇದು ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿ, ರೈಲು ಹಳಿ ಅಡ್ಡ. ನಮ್ಮಂಥ ಪುಟ್ಟ ವಿಮಾನಕ್ಕೆ ಅದರ ಕಾಲು ಭಾಗ ಧಾರಾಳವಾಯಿತು. ಆದರೆ ಇಳಿಯಲು ಜಾಗವಿರುವುದು ಬೇರೆ, ವರ್ಷವಿಡೀ ಸೂರು ಸಿಗುವುದು ಬೇರೆ. ಅದು ಪ್ರಯಾಣಿಕರ ವಿಮಾನ ನಿಲ್ದಾಣ. ಭದ್ರತೆ, ಪಾಸು, ಟವರ್ ಕೆಲಸದ ವೇಳೆ ಎಲ್ಲಕ್ಕೂ ತಲೆಬಾಗಬೇಕು.

ನಮ್ಮದು ಇರುವುದು ಬೆಂಗಳೂರಿನ ಜಕ್ಕೂರಿನಲ್ಲಿ. 1949ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವ ಜಾಗ, ಹಾಗಾಗಿ ಸುತ್ತ ಕೆಲಸ ಬಲ್ಲವರಿದ್ದಾರೆ. ಮೈಸೂರಿಂದ ಹೋಗಿ ಬರಲು ದಿನವೇ ಬೇಕು. ಸಂಬಳದ ಕೆಲಸದಲ್ಲಿದ್ದಾಗ ಇದು ಆಗದ ಮಾತು. ಈಗ ಬೆಳಗಿನ ರೈಲು ಹತ್ತಿ, ಮದ್ದೂರಲ್ಲಿ ವಡೆ ತಿಂದು, ಮಧ್ಯಾಹ್ನವೆಲ್ಲ ಹ್ಯಾಂಗರಿನಲ್ಲಿದ್ದು, ರಾತ್ರಿ ಊಟದ ಹೊತ್ತಿಗೆ ಮನೆ. ಯಾರಿಗೂ ಲೀವ್ ಲೆಟರ್ ಬರೆಯಬೇಕಾಗಿಲ್ಲ.

ಮರದಡಿಯಲ್ಲೋ ಬಯಲಲ್ಲೋ ಟಾರ್ಪಾಲು ಹೊದಿಸಿ ನಿಲ್ಲಿಸುತ್ತೇನೆ ಅನ್ನುವವರು ದಯವಿಟ್ಟು ಕೊಳ್ಳಲೇಬೇಡಿ. ಬಟ್ಟೆ ಹೊದಿಕೆಯ ರೆಕ್ಕೆಯನ್ನು ನಮ್ಮ ಬಿಸಿಲು ಸದ್ದಿಲ್ಲದೆ ತಿನ್ನುತ್ತದೆ.

3. ಒಬ್ಬರೇ ಕೊಳ್ಳಬೇಡಿ

ನಾಲ್ವರು ಸರಿಯಾದ ಸಂಖ್ಯೆ. ಒಬ್ಬ ಲೆಕ್ಕ ಬರೆಯಬೇಕು, ಒಬ್ಬನಿಗೆ ಸ್ಪ್ಯಾನರ್ ಹಿಡಿಯುವ ಕೈ ಇರಬೇಕು, ಒಬ್ಬನಿಗೆ ಸರ್ಕಾರಿ ಕಡತದ ಭಾಷೆ ಬರಬೇಕು. ನಾಲ್ಕನೆಯವನು ಜಗಳ ಬಿಡಿಸಲಿ. ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಇವು ನೀವು ಹಾರಿದರೂ ಬರುತ್ತವೆ, ಹಾರದಿದ್ದರೂ ಬರುತ್ತವೆ. ನಾಲ್ಕರಿಂದ ಭಾಗಿಸಿದರೆ ಪಿಂಚಣಿ ತಡೆದುಕೊಳ್ಳುತ್ತದೆ. ಪೆಟ್ರೋಲು ಮಾತ್ರ ಹಾರಿದವನ ಜೇಬಿಂದ. ಗಂಟೆಗೆ ಸುಮಾರು 18 ಲೀಟರ್ ಹಿಡಿಯಿರಿ.

ಕರಾರನ್ನು ಛಾಪಾ ಕಾಗದದಲ್ಲಿ ಬರೆಸಿ. ಒಬ್ಬ ತೀರಿಕೊಂಡರೆ ಪಾಲು ಯಾರಿಗೆ, ಎಷ್ಟು ದಿನದಲ್ಲಿ, ಯಾವ ಬೆಲೆಗೆ? ಈ ಪ್ರಶ್ನೆ ಬಂದಾಗ ನಾವು ನಾಲ್ವರೂ ಕಾಫಿ ಲೋಟದ ತಳ ನೋಡುತ್ತಾ ಕೂತಿದ್ದೆವು. ಬರೆದ ಮೇಲೆ ಹಗುರವಾಯಿತು.

4. ಎಫ್‌ಡಿ ಮುಟ್ಟಬೇಡಿ

ಆಸ್ಪತ್ರೆಗೆಂದು ಇಟ್ಟ ದುಡ್ಡು, ಮನೆಯವರ ಹೆಸರಿನ ದುಡ್ಡು ಎರಡನ್ನೂ ಮರೆತು ಲೆಕ್ಕ ಹಾಕಿ. ಉಳಿದದ್ದರಲ್ಲಿ ಕಾಲು ಪಾಲು ಬರದಿದ್ದರೆ ಎಂಟನೇ ಒಂದು ಪಾಲು ಕೊಳ್ಳಿ. ಇಷ್ಟಕ್ಕಿಂತ ಹೇಳುವುದಕ್ಕೇನಿಲ್ಲ.

5. ಮೊದಲ ತಪಾಸಣೆ ನಿಮ್ಮದೇ

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಾನೆ: "ಅಪ್ಪಾ, ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಇದ್ರೆ ಸಾಕು, ಬೇರೆ ಮೆಡಿಕಲ್ ಬೇಡ." ನಿಜ, ಅಲ್ಲಿ ಸ್ಪೋರ್ಟ್ ಪೈಲಟ್‌ಗಳಿಗೆ 2004ರಿಂದ ಆ ಸವಲತ್ತಿದೆ. ಇಲ್ಲಿ ಇಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಒಪ್ಪಿದ ವೈದ್ಯರ ಮುಂದೆ ನಿಲ್ಲಬೇಕು, ಕೂದಲು ಬೆಳ್ಳಗಾದಷ್ಟೂ ಬೇಗ ಬೇಗ ನಿಲ್ಲಬೇಕು. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೇ ಇದೆ.

ಆದ್ದರಿಂದ ವಿಮಾನಕ್ಕೆ ಮುಂಗಡ ಕೊಡುವ ಮುಂಚೆ ಮೆಡಿಕಲ್ ಮುಗಿಸಿ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಯಾವುದನ್ನೂ ಬಚ್ಚಿಡಬೇಡಿ. ಬಚ್ಚಿಟ್ಟದ್ದು ವಿಮೆಯವರಿಗೆ ಬೇಡದ ದಿನವೇ ಸಿಗುತ್ತದೆ. ನೆಗಡಿಗೆ ನುಂಗುವ ತೂಕಡಿಕೆಯ ಮಾತ್ರೆ ತಗೊಂಡ ದಿನ ಹ್ಯಾಂಗರಿನಲ್ಲಿ ಒರೆಸುವ ಕೆಲಸ ಮಾಡಿ, ಹಾರಬೇಡಿ.

ವಯಸ್ಸಾಯಿತು ಅಂತ ಹಿಂಜರಿಯುವವರು ಜೆ.ಆರ್.ಡಿ. ಟಾಟಾ ಅವರನ್ನು ನೆನೆಯಬಹುದು. 1932ರ ಕರಾಚಿ-ಬೊಂಬಾಯಿ ಹಾರಾಟವನ್ನು ಅವರು 1982ರ ಅಕ್ಟೋಬರ್ 15ರಂದು ಹಳೇ ಲೆಪರ್ಡ್ ಮಾತ್ ವಿಮಾನದಲ್ಲಿ ಮತ್ತೆ ಮಾಡಿ ತೋರಿಸಿದರು. ಆಗ ಅವರಿಗೆ 78. ಅವರ ಹಿಂದೆ ಎಂಥ ಮೆಕ್ಯಾನಿಕ್‌ಗಳಿದ್ದರು ಎಂಬುದನ್ನೂ ನೆನೆಯಿರಿ.

6. 'ಗುಳುಗುಳು' ಕೇಳುವವರೆಗೆ ಎಣ್ಣೆ ನೋಡಬೇಡಿ

ಕಾರಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ರೋಟ್ಯಾಕ್ಸ್ 912ರಲ್ಲಿ ಎಣ್ಣೆ ಎಂಜಿನ್ ತಳದಲ್ಲಿ ನಿಲ್ಲುವುದಿಲ್ಲ, ಪಕ್ಕದಲ್ಲಿ ಬೇರೆ ಟ್ಯಾಂಕಿನಲ್ಲಿರುತ್ತದೆ. ರಾತ್ರಿಯೆಲ್ಲ ನಿಂತ ವಿಮಾನದಲ್ಲಿ ಒಂದಷ್ಟು ಎಣ್ಣೆ ಎಂಜಿನ್ನೊಳಗೇ ಉಳಿದುಬಿಟ್ಟಿರುತ್ತದೆ. ಸುಮ್ಮನೆ ಕಡ್ಡಿ ಅದ್ದಿ ನೋಡಿದರೆ ಎಣ್ಣೆ ಕಡಿಮೆ ಕಾಣುತ್ತದೆ, ನೀವು ಸುರಿಯುತ್ತೀರಿ, ಎಂಜಿನ್ ಓಡಿದಾಗ ಹೆಚ್ಚಾದದ್ದು ಹೊರಗೆ ಚೆಲ್ಲಿ ಹೊಟ್ಟೆಯ ಕೆಳಗೆಲ್ಲ ಬಳಿಯುತ್ತದೆ.

ಸರಿಯಾದ ಕ್ರಮ ಹೀಗೆ. ಎರಡೂ ಇಗ್ನಿಷನ್ ಸ್ವಿಚ್ ಆಫ್. ಬಾಯಲ್ಲಿ ಹೇಳಿ, ಬೆರಳಲ್ಲಿ ಮುಟ್ಟಿ ನೋಡಿ. ಟ್ಯಾಂಕಿನ ಮುಚ್ಚಳ ತೆಗೆಯಿರಿ. ಈಗ ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನ ತಿರುಗಿಸಿ. ತಪ್ಪಿಯೂ ಹಿಂದಕ್ಕೆ ತಿರುಗಿಸಬೇಡಿ, ಗಾಳಿ ಒಳಗೆ ಸೇರುತ್ತದೆ. ಒಂದು ಒತ್ತಡ ದಾಟಿತು, ಎರಡು, ಮೂರು... ಹತ್ತೋ ಹದಿನೈದೋ ಆದ ಮೇಲೆ ಟ್ಯಾಂಕಿನೊಳಗಿಂದ ಹುಕ್ಕಾ ಸೇದಿದ ಹಾಗೆ ಗುಳುಗುಳು ಸದ್ದು ಬರುತ್ತದೆ. ಎಣ್ಣೆಯೆಲ್ಲ ಮನೆಗೆ ಮರಳಿತು ಅಂತ ಅರ್ಥ. ಈಗ ಕಡ್ಡಿ ಅದ್ದಿ. ಕಡ್ಡಿಯ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ಅರ್ಧ ಲೀಟರಿನಷ್ಟೂ ಅಂತರವಿಲ್ಲ, ಆದ್ದರಿಂದ ಕಣ್ಣಂದಾಜು ನಡೆಯದು.

ತಿರುಗಿಸುವಾಗ ಪ್ರತಿ ಸಿಲಿಂಡರಿನ ಬಿಗಿಯೂ ಅಂಗೈಗೆ ತಿಳಿಯುತ್ತದೆ. ನಾಲ್ಕರಲ್ಲಿ ಒಂದು ಸಡಿಲ ಅನ್ನಿಸಿದರೆ ಅವತ್ತು ಕೌಲಿಂಗ್ ಬಿಚ್ಚಿ. ಕಾವಾಡಿ ಲದ್ದಿ ನೋಡುವುದೂ ಇದೇ ಬಗೆ.

7. ಬಂಕಿನ ಪೆಟ್ರೋಲನ್ನು ಪರೀಕ್ಷಿಸದೆ ಹಾಕಬೇಡಿ

ಈ ಎಂಜಿನ್ನಿನ ದೊಡ್ಡ ಆಕರ್ಷಣೆ ಅಂದರೆ ಕಾರಿಗೆ ಹಾಕುವ ಪೆಟ್ರೋಲಲ್ಲೇ ಓಡುತ್ತದೆ ಎಂಬುದು. ನಮ್ಮ ದೇಶದಲ್ಲಿ ಆ ಅನುಕೂಲ ಈಗ ಕೈತಪ್ಪಿದೆ. ತಯಾರಕರು ಒಪ್ಪುವುದು ಶೇ. 10ರವರೆಗಿನ ಎಥನಾಲ್, ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಬರುವುದು ಶೇ. 20 ಬೆರೆಸಿದ್ದು. ಮಂಡ್ಯದ ಕಬ್ಬಿನ ರೈತನಿಗೆ ಒಳ್ಳೆಯದಾಗಲಿ, ನನ್ನ ತಕರಾರಿಲ್ಲ. ಆದರೆ ಎಥನಾಲ್ ನೀರು ಕುಡಿಯುತ್ತದೆ, ರಬ್ಬರ್ ಪೈಪನ್ನು ಉಬ್ಬಿಸುತ್ತದೆ, ಕೆಲವು ವಿಮಾನಗಳ ಫೈಬರ್ ಟ್ಯಾಂಕಿನ ಅಂಟನ್ನು ಮೆತ್ತಗೆ ಮಾಡುತ್ತದೆ.

ಪರೀಕ್ಷೆಗೆ ನೂರು ಮಿಲಿಯ ಗೆರೆಯಿರುವ ಗಾಜಿನ ಕೊಳವೆ ಸಾಕು. ಹತ್ತು ಮಿಲಿ ನೀರು, ಅದರ ಮೇಲೆ ತೊಂಬತ್ತು ಮಿಲಿ ಪೆಟ್ರೋಲು. ಮುಚ್ಚಿ, ಕುಲುಕಿ, ಹತ್ತು ನಿಮಿಷ ಬಿಡಿ. ತಳದ ನೀರಿನ ಗೆರೆ ಹತ್ತರಲ್ಲೇ ಇದ್ದರೆ ಪೆಟ್ರೋಲು ಶುದ್ಧ. ಮೊದಲ ಸಲ ನಾವು ಮಾಡಿದಾಗ ಅದು ಇಪ್ಪತ್ತೈದು ದಾಟಿ ನಿಂತಿತ್ತು. ಎಥನಾಲೆಲ್ಲ ನೀರಿನ ಪಕ್ಷ ಸೇರಿತ್ತು. ನಾಲ್ವರೂ ಆ ಕೊಳವೆಯನ್ನು ಬೆಳಕಿಗೆ ಹಿಡಿದು, ಮೊಮ್ಮಗನ ಮಾರ್ಕ್ಸ್ ಕಾರ್ಡ್ ನೋಡುವ ಹಾಗೆ ನೋಡಿದೆವು.

ಇನ್ನೊಂದು ದಾರಿ ವಿಮಾನದ್ದೇ ಪೆಟ್ರೋಲು, ಎವಿಗ್ಯಾಸ್ 100ಎಲ್‌ಎಲ್. ಮೊದಲೆಲ್ಲ ಹೊರಗಿಂದ ಬರುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ವಡೋದರದ ಬಳಿಯ ತನ್ನ ರಿಫೈನರಿಯಲ್ಲಿ ಮಾಡಲು ಶುರುಮಾಡಿತು. ದುಬಾರಿ, ಜೊತೆಗೆ ಸೀಸ ಇದೆ. ಆ ಸೀಸ ಎಣ್ಣೆ ಟ್ಯಾಂಕಿನ ತಳದಲ್ಲಿ ಬೂದು ಕೆಸರಾಗಿ ಕೂರುತ್ತದೆ. ಅದಕ್ಕೇ ಎವಿಗ್ಯಾಸ್ ಹಾಕುವವರು 100 ಗಂಟೆಯ ಎಣ್ಣೆ ಬದಲಾವಣೆಯನ್ನು 50 ಗಂಟೆಗೇ ಮಾಡಬೇಕು, ಪೂರ್ತಿ ಸಿಂಥೆಟಿಕ್ ಎಣ್ಣೆ ತಪ್ಪಿಸಬೇಕು. ನಾವು ಈ ದಾರಿ ಹಿಡಿದೆವು. ಕಿಸೆಗೆ ಭಾರ, ನಿದ್ದೆ ಚೆನ್ನಾಗಿ ಬರುತ್ತದೆ.

8. ಗಂಟೆಯ ಜೊತೆ ಕ್ಯಾಲೆಂಡರನ್ನೂ ನೋಡಿ

ಈ ಎಂಜಿನ್ನಿಗೆ ಸಾಮಾನ್ಯವಾಗಿ 2,000 ಗಂಟೆ ಅಥವಾ 15 ವರ್ಷ, ಯಾವುದು ಮೊದಲೋ ಅಷ್ಟಕ್ಕೆ ಪೂರ್ಣ ಓವರ್‌ಹಾಲ್. ನಾಲ್ವರು ಪಿಂಚಣಿದಾರರು ಸೇರಿ ವರ್ಷಕ್ಕೆ 50 ಗಂಟೆ ಹಾರಿದರೆ 15 ವರ್ಷಕ್ಕೆ 750. ಅಂದರೆ ನಮ್ಮ ವಿಮಾನ ಸವೆಯುವುದಿಲ್ಲ, ಮುದಿಯಾಗುತ್ತದೆ. ನಮ್ಮ ಹಾಗೇ. ರಬ್ಬರ್ ಪೈಪುಗಳು, ಇಂಧನ ಪಂಪು, ಕಾರ್ಬ್ಯುರೇಟರಿನ ಸಾಕೆಟ್ಟುಗಳು ನೋಡಲು ಹೊಸದರಂತೆ ಇದ್ದರೂ ಐದು ವರ್ಷಕ್ಕೆ ಬದಲಾಗಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ "ಬರೀ 300 ಗಂಟೆ ಓಡಿದೆ ಸಾರ್" ಅಂದರೆ ಖುಷಿಪಡಬೇಡಿ, ಎಷ್ಟು ವರ್ಷದಲ್ಲಿ ಅಂತ ಕೇಳಿ.

ಹದಿನೈದು ದಿನಕ್ಕೊಮ್ಮೆಯಾದರೂ ಹಾರಿಸಿ. ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು ಉಪಕಾರವಲ್ಲ; ಎಣ್ಣೆ ಸರಿಯಾಗಿ ಕಾಯದೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಕೆಡುಕು.

9. ಕೈ ನಿಮ್ಮದಿರಲಿ, ಸಹಿ ಎಎಂಇಯದು

ಪರವಾನಗಿ ಪಡೆದ ಮೆಂಟೆನೆನ್ಸ್ ಎಂಜಿನಿಯರ್ (ಎಎಂಇ) ಬಂದ ದಿನ ಅವರ ಪಕ್ಕದಲ್ಲೇ ನಿಲ್ಲಿ, ಟಾರ್ಚ್ ಹಿಡಿಯಿರಿ, ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಹಾಕಿ. ಹಳೇ ಇಡ್ಲಿ ತಟ್ಟೆಗಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ. ನಾನು ಮೂವತ್ತು ವರ್ಷ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿದ್ದವನು, ಆದರೂ ಅವರ ಮುಂದೆ ಬಾಯಿ ಬಿಡುವುದಿಲ್ಲ.

ಬಿಗಿ ಮಾಡಿದ ನಟ್ಟಿನ ಮೇಲಿಂದ ಕೆಳಗಿನ ಲೋಹದವರೆಗೆ ಬಣ್ಣದ ಒಂದು ಗೀಟು ಎಳೆಯುತ್ತಾರೆ. ಗೀಟು ಒಡೆದಿದ್ದರೆ ನಟ್ಟು ತಿರುಗಿದೆ. ಪ್ರತಿ ಹಾರಾಟದ ಮುಂಚೆ ಈ ಗೀಟುಗಳನ್ನು ಎಣಿಸುವುದು ನನ್ನ ಕೆಲಸ. ಎಂಜಿನ್ ಕೋಣೆಯಲ್ಲಿ ನಮ್ಮದರಲ್ಲಿ ಮೂವತ್ತೆಂಟು. ಒಮ್ಮೆ ಬಿಚ್ಚಿದ ಲಾಕ್ ವೈರ್, ಕಾಟರ್ ಪಿನ್ ಮತ್ತೆ ಹಾಕುವಂತಿಲ್ಲ. ಎಸ್‌ಜೆಪಿ ರಸ್ತೆಯಲ್ಲಿ ಅದೇ ಅಳತೆಯ ಬೋಲ್ಟ್ ಹತ್ತು ರೂಪಾಯಿಗೆ ಸಿಗುತ್ತದೆ, ಹೌದು. ಅದನ್ನು ಗೇಟಿಗೆ ಹಾಕಿ.

ಬಿಡಿಭಾಗ ತರಿಸುವ ಒಬ್ಬ ಏಜೆಂಟರು (ಹೆಸರು ಬೇಡ) ಗ್ಯಾಸ್ಕೆಟ್ ಕೇಳಿದರೆ ಬೇರೆ ಮಾದರಿಯದು ಕಳಿಸಿ ನಮ್ಮ ಏಳು ವಾರ ತಿಂದರು. ಆಮೇಲಿಂದ ಪಾರ್ಟ್ ನಂಬರನ್ನು ಪುಸ್ತಕದಿಂದ ಫೋಟೋ ತೆಗೆದು ಕಳಿಸುತ್ತೇವೆ, ವಾರ್ಷಿಕ ತಪಾಸಣೆಗೆ ಮೂರು ತಿಂಗಳ ಮುಂಚೆಯೇ ಆರ್ಡರ್ ಮಾಡುತ್ತೇವೆ.

ಲಾಗ್ ಪುಸ್ತಕ ಅವತ್ತಿನದು ಅವತ್ತೇ ಬರೆಯಿರಿ. ನಾಳೆ ಮಾರುವಾಗ ಅರ್ಧ ಬೆಲೆ ಕಾಗದಕ್ಕೇ.

10. ಕಡಜ, ಇಲಿ

ರೆಕ್ಕೆಯ ಮುಂದೆ ಚಾಚಿದ ಸಣ್ಣ ಕೊಳವೆ ಪಿಟೋ; ವೇಗ ತಿಳಿಯುವುದು ಅದರಿಂದ. ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ ಅದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಇಲ್ಲ. ಒಂದು ಸಂಜೆ ಆತುರದಲ್ಲಿ ಕೆಂಪು ಕವರ್ ಹಾಕುವುದು ಮರೆತೆ. ಎರಡು ದಿನದ ಮೇಲೆ ರನ್‌ವೇಯಲ್ಲಿ ಥ್ರಾಟಲ್ ಕೊಟ್ಟಾಗ ಎಲ್ಲ ಸರಿ, ಸ್ಪೀಡಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಕದಲಲಿಲ್ಲ. ಥ್ರಾಟಲ್ ಎಳೆದೆ, ನಿಂತೆ, ಹ್ಯಾಂಗರಿಗೆ ತಳ್ಳಿಕೊಂಡು ಬಂದೆವು. ಕೊಳವೆಯೊಳಗೆ ಬಟಾಣಿ ಗಾತ್ರದ ಹಸಿ ಮಣ್ಣು. ಟೇಕಾಫಿನ ಮೊದಲ ಕ್ಷಣಗಳಲ್ಲಿ 'ಮುಳ್ಳು ಎದ್ದಿತು' ಅಂತ ಗಟ್ಟಿಯಾಗಿ ಹೇಳುವ ರೂಢಿ ಅವತ್ತಿಂದ ಬಂತು.

ಇಲಿಗೆ ವೈರಿನ ಮೇಲೆ ಕಣ್ಣು. ಹ್ಯಾಂಗರಿನಲ್ಲಿ ಚಕ್ಕುಲಿ, ನಿಪ್ಪಟ್ಟು ತಿನ್ನುವುದನ್ನು ನಾವು ನಿಷೇಧಿಸಿದ್ದೇವೆ. ಅದನ್ನು ಮೊದಲು ಮುರಿದವನೂ ನಾನೇ.

11. ತಕ್ಕಡಿಗೆ ನಾಚಿಕೆ ಇಲ್ಲ

ಖಾಲಿ ವಿಮಾನ 340 ಕೆಜಿ ಅನ್ನಿ. 600ಕ್ಕೆ ಉಳಿದದ್ದು 260. ತಲಾ 85 ಕೆಜಿಯ ಇಬ್ಬರು ಯಜಮಾನರು ಕೂತರೆ 170. ಎಂಬತ್ತು ಲೀಟರ್ ಪೆಟ್ರೋಲು ಹೆಚ್ಚುಕಮ್ಮಿ 58. ಇನ್ನು ಉಳಿದ 32 ಕೆಜಿಯಲ್ಲಿ ಬ್ಯಾಗು, ನೀರು, ತಂಗಿ ಮನೆಗೆ ಅಂತ ಕೊಟ್ಟ ಹಲಸಿನ ಹಣ್ಣು. ಹಲಸು ಬಸ್ಸಿನಲ್ಲಿ ಬರಲಿ.

ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,350 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದಾಗ ಅಲ್ಲಿನ ಗಾಳಿ 5,000 ಅಡಿ ಮೀರಿದ ಎತ್ತರದಲ್ಲಿರುವಷ್ಟು ತೆಳುವಾಗುತ್ತದೆ. ಬೆಳಗ್ಗೆ ಏಳಕ್ಕೆ ಚಿಮ್ಮಿ ಎದ್ದ ವಿಮಾನ ಮಧ್ಯಾಹ್ನ ಎರಡಕ್ಕೆ ಮದುವೆ ಊಟ ಮಾಡಿದವರ ಹಾಗೆ ಏಳುತ್ತದೆ.

12. ಬೆಳಗ್ಗೆ ಹಾರಿ, ಹತ್ತಕ್ಕೆ ಇಳಿಯಿರಿ

ಜಕ್ಕೂರಿಂದ ಮೈಸೂರಿಗೆ ಬರುವ ದಾರಿಯ ಹತ್ತಿರವೇ ಕೊಕ್ಕರೆ ಬೆಳ್ಳೂರು. ಬಿಸಿಲೇರಿ ನೆಲ ಕಾಯುತ್ತಿದ್ದಂತೆ ಹೆಜ್ಜಾರ್ಲೆಗಳು ರೆಕ್ಕೆ ಬಡಿಯದೆ ಸುತ್ತು ಸುತ್ತುತ್ತ ನಮ್ಮ ಎತ್ತರಕ್ಕೇ ಬರುತ್ತವೆ. ನೋಡಲು ಚೆಂದ. ಆದರೆ ನಾಲ್ಕೈದು ಕೆಜಿಯ ಹಕ್ಕಿ ಗಾಜಿಗೆ ಬಡಿದರೆ ಚೆಂದ ಉಳಿಯದು. ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ ಮಾವಿನ ಮಳೆಯ ಮೋಡ ಅರ್ಧ ಗಂಟೆಯಲ್ಲಿ ಬೆಟ್ಟದಷ್ಟಾಗುತ್ತದೆ. ಜೂನಿನಿಂದ ಪಡುವಣ ಗಾಳಿ. ಮಂಡಕಳ್ಳಿಯ ರನ್‌ವೇ ಪೂರ್ವ-ಪಶ್ಚಿಮವಾಗಿರುವುದು ಆಗ ಪುಣ್ಯ.

ಫ್ಲೈಟ್ ಪ್ಲಾನ್ ಹಾಕಿ, ಎಫ್‌ಐಸಿ ಮತ್ತು ಎಡಿಸಿ ನಂಬರ್ ಪಡೆದ ಮೇಲೇ ಊರು ಬಿಡಬೇಕು. ಎರಡನೆಯದು ವಾಯು ರಕ್ಷಣೆಯವರ ಒಪ್ಪಿಗೆ. ದಸರಾ ಏರ್ ಶೋ, ವಿಐಪಿ ಭೇಟಿಗಳ ದಿನ ಆಕಾಶಕ್ಕೂ ಬ್ಯಾರಿಕೇಡ್ ಬೀಳುತ್ತದೆ. ಅದನ್ನು ತಿಳಿಸುವ ನೋಟಾಮ್ ಓದದೆ ಹೊರಡುವುದು ಪಂಚಾಂಗ ನೋಡದೆ ಮುಹೂರ್ತ ಇಟ್ಟ ಹಾಗಲ್ಲ. ಇದಕ್ಕೆ ದಂಡವಿದೆ.

ಪಕ್ಕದ ಮನೆಯವರು "ಒಂದು ರೌಂಡ್ ಚಾಮುಂಡಿ ಬೆಟ್ಟ ತೋರಿಸಿ, ಎಷ್ಟಾಗುತ್ತೋ ಕೊಡ್ತೀವಿ" ಅನ್ನುತ್ತಾರೆ. ಖಾಸಗಿ ವಿಮಾನದಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ಕೂರಿಸುವಂತಿಲ್ಲ. ಕೋಡುಬಳೆಗೆ ಅಡ್ಡಿಯಿಲ್ಲ, ಅದೂ ಇಳಿದ ಮೇಲೆ.

13. ಬಿಡುವ ದಿನವನ್ನು ಇವತ್ತೇ ಬರೆದಿಡಿ

ಖಾಸಗಿ ಹಾರಾಟಕ್ಕೆ ವಯಸ್ಸಿನ ಗೆರೆಯಿಲ್ಲ, ಮೆಡಿಕಲ್ಲೇ ಗೆರೆ. ಅದಕ್ಕೂ ಮುಂಚೆ ನಿಮ್ಮ ಗೆಳೆಯರು ಹಾಕುವ ಗೆರೆಯೊಂದು ಇರಲಿ. ನಮ್ಮ ಕರಾರಿನಲ್ಲಿ ಒಂದು ಸಾಲಿದೆ: ಉಳಿದ ಮೂವರಲ್ಲಿ ಇಬ್ಬರು 'ಇನ್ನು ಒಬ್ಬನೇ ಹಾರುವುದು ಬೇಡ' ಅಂದರೆ ವಾದವಿಲ್ಲ.

ಆ ಸಾಲು ಮೊದಲು ತಾಗಿದ್ದು ನಮ್ಮ ನಾಲ್ವರಲ್ಲಿ ಹಿರಿಯರಿಗೆ, ನಾವೆಲ್ಲ ರಾಯರು ಅನ್ನುವವರಿಗೆ. ಎರಡು ಸಲ ರೇಡಿಯೋದಲ್ಲಿ ಟವರ್ ಕರೆದದ್ದು ಅವರಿಗೆ ಕೇಳಿಸಿರಲಿಲ್ಲ. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, "ಆಯ್ತಪ್ಪ" ಅಂದರು. ಪಾಲು ಮಾತ್ರ ಮಾರಲಿಲ್ಲ.

ಈಗಲೂ ಬೆಳಗಿನ ರೈಲಿಗೆ ನನಗಿಂತ ಮುಂಚೆ ಪ್ಲಾಟ್‌ಫಾರ್ಮಿನಲ್ಲಿರುತ್ತಾರೆ. ಹ್ಯಾಂಗರಿನ ಬಾಗಿಲು ಸರಿಸಿ, ಶರ್ಟಿನ ತೋಳು ಮಡಿಸಿ, ಸ್ವಿಚ್ಚುಗಳನ್ನು ಎರಡು ಸಲ ಮುಟ್ಟಿ ನೋಡಿ, ಪ್ರೊಪೆಲ್ಲರಿಗೆ ಅಂಗೈ ಇಡುತ್ತಾರೆ. ಒಂದು, ಎರಡು, ಮೂರು. ರೇಡಿಯೋ ಕೇಳಿಸದ ಆ ಕಿವಿಯನ್ನು ಟ್ಯಾಂಕಿನ ಬಾಯಿಗೇ ಕೊಟ್ಟು ಬಗ್ಗುತ್ತಾರೆ. ನಾವೆಲ್ಲ ಸುಮ್ಮನಿರುತ್ತೇವೆ.

"ಹ್ಞಾ, ಬಂತು. ಕಡ್ಡಿ ಕೊಡಿ."